ಡಬ್ಬಿ ಹೇಳಿದ ವಿಳಾಸ

ಬಿಎಸ್ಸಿ ಮುಗಿಸಿ ಮನೆಮನೆಗೆ ವೈಫೈ ಹಾಕಿಕೊಡುವ ಕೆಲಸಕ್ಕೆ ಸೇರಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಬೈಕಿನಲ್ಲಿ ಓಡಾಟ. ವೈಫೈ ಡಬ್ಬಿಯ, ಅಂದರೆ ರೌಟರಿನ, ದೀಪ ಹಸಿರಾದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತೇನೆ. ತಮಾಷೆ ಶುರುವಾಗುವುದೇ ಆಮೇಲೆ.

ಲಗ್ನಕ್ಕ ಹೋಗೇವಿ

ಜಂಪರ್, ಅಂದರೆ ರವಿಕೆ, ಹೊಲಿಯುವ ಅಕ್ಕ ಒಬ್ಬರು ಮುದ್ದೇಬಿಹಾಳ ಬಿಟ್ಟು ಇಂಡಿಗೆ ಬಂದು, ಒಂದು ಮನೆಯ ಮೇಲಿನ ಖೋಲಿ ಬಾಡಿಗೆಗೆ ಹಿಡಿದಿದ್ದರು. ಗಿರಾಕಿಗಳ ಡಿಸೈನೆಲ್ಲ ಫೋನಿಗೇ ಬರುವುದರಿಂದ ಅವರಿಗೆ ವೈಫೈ ಬೇಕಾಗಿತ್ತು. ಮುದ್ದೇಬಿಹಾಳದಿಂದ ತಂದ ಡಬ್ಬಿ ಅವರ ಹತ್ತಿರವೇ ಇತ್ತು.

ನಾನು ಹೋದದ್ದು ಬುಧವಾರ. ಬಾಗಿಲಲ್ಲಿ ನಿಂತು ಫೋನ್ ನೋಡಿದರೆ ಕೆಳಗಿನ ಮನೆಯ ವೈಫೈ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಹೀಗಿತ್ತು: ‘ಲಗ್ನಕ್ಕ ಹೋಗೇವಿ ಸೋಮವಾರ ಬರ್ತೀವಿ.’ ಮನೆಯ ಮಾಲೀಕ ಕಾಕಾ ಎದುರಿಗೇ ಕಟ್ಟೆಯ ಮೇಲೆ ಕೂತಿದ್ದರು.

“ಕಾಕಾ, ಇದೇನ್ರಿ ಹೆಸರು?”

“ಬೀಗರು ಬಂದು ಬಾಗಲಾ ಬಡದು ಸುಮ್ನ ಹೊಳ್ಳಿ ಹೋಗಬಾರ್ದಲ್ಲೋ ತಮ್ಮಾ. ಅದಕ್ಕ ಹಾಕಿದ್ದೆ.”

“ಕಳ್ಳ ಓದಿದ್ರ?”

“ಹೆಂಗ ಓದ್ತಾನ? ಪಾಸ್‌ವರ್ಡ್ ಐತಿ!”

“ಹೆಸರು ಓದಾಕ ಪಾಸ್‌ವರ್ಡ್ ಬೇಕಾಗೂದಿಲ್ರಿ. ಹಾದ್ಯಾಗ ಹೋಗೋರಿಗೆಲ್ಲಾ ಕಾಣ್ತೈತಿ.”

ಕಾಕಾ ಒಳಗೆ ಮುಖ ಮಾಡಿ ಕೂಗಿದರು: “ಏ, ಹಾಲಿನವ ಯಾಕ ಬರವಲ್ಲ ಅಂತ ಗೊತ್ತಾತು!”

ಆಮೇಲೆ ನನಗೆ ಹೇಳಿದರು: “ಹಂಗಾರ ‘ಮ್ಯಾಲ ಮುದ್ದೇಬಿಹಾಳದ ಟೇಲರ್ ಬಂದಾಳ’ ಅಂತ ಹಾಕು. ಪಾಪ, ಆಕಿಗೂ ನಾಕ್ ಗಿರಾಕಿ ಬರ್ಲಿ.”

“ಬ್ಯಾಡ್ರಿ ಕಾಕಾ, ನಿಮ್ಮ ಕಾಲ ಬೀಳ್ತೇನಿ!” ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕ ಕೂಗಿದರು. ಡಬ್ಬಿ ಹಿಡಿದುಕೊಂಡೇ ಕೆಳಗೆ ಓಡಿ ಬಂದರು.

ಅಕ್ಕ ಹೇಳಿದ್ದು ಇಷ್ಟು. ಮುದ್ದೇಬಿಹಾಳದಲ್ಲಿ ಒಬ್ಬನನ್ನು ಮದುವೆ ಒಲ್ಲೆ ಅಂದಿದ್ದರು. ಅವನು ಬೆನ್ನು ಬಿಡಲಿಲ್ಲ. ನಂಬರ್ ಬದಲಿಸಿ, ಊರೂ ಬಿಟ್ಟು ಬಂದಿದ್ದರು. ಆದರೆ ಈ ಡಬ್ಬಿ ಹಾಕಿಕೊಟ್ಟವನೂ ಅವನೇ. ತಳದ ಚೀಟಿಯಲ್ಲಿದ್ದ ನಂಬರಿನ ಫೋಟೊ ಅವನ ಹತ್ತಿರ ಇತ್ತು.

“ಎಲ್ಲಿ ಹಚ್ಚಿದ್ರೂ ನಂಗ ನಕ್ಷಾದಾಗ ಕಾಣ್ತೈತಿ ಅಂದಾನ. ಖರೇ ಏನ್ರಿ? ನಾ ಹೆದರಿ ಇನ್ನೂ ಹಚ್ಚೇ ಇಲ್ಲ.”

ಹಾಗಾಗುತ್ತದೆಂದು ಓದಿದ್ದೆ, ಕಂಡಿರಲಿಲ್ಲ. “ಖಾತ್ರಿ ಮಾಡ್ಕೊಂಡು ಹೇಳ್ತೇನ್ರಿ. ಅಲ್ಲೀತನಕ ಹಚ್ಚಬ್ಯಾಡ್ರಿ,” ಅಂದೆ.

ಕಾಕಾ ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು. “ಚಿಂತಿ ಮಾಡಬ್ಯಾಡವಾ. ತಮ್ಮಾ, ‘ಮ್ಯಾಲ ಯಾರೂ ಇಲ್ಲ’ ಅಂತ ಹಾಕು!”

ಎಮ್ಮಿ ಒದರಿಸ್ರಿ

ಮುಂದಿನ ವಾರ ಬಸವನ ಬಾಗೇವಾಡಿಯಿಂದ ಒಬ್ಬ ಅಣ್ಣನ ಫೋನ್ ಬಂತು. “ನಿನ್ನ ಡಬ್ಬಿ ನನ್ನ ಸಂಸಾರ ಮುರೀತೈತಿ. ಲಗೂನ ಬಾ.”

ಅವರ ಹೆಂಡತಿ, ಅಂದರೆ ವೈನಿ, ತವರುಮನೆಯ ಕಾರ್ಯಕ್ರಮಕ್ಕೆ ಹೋಗಿದ್ದರು. ಎಮ್ಮೆ ಈದಿದೆ, ಬಿಟ್ಟು ಬರಲಾಗದು ಎಂದು ಅಣ್ಣ ಮನೆಯಲ್ಲೇ ಉಳಿದಿದ್ದರು. ಆದರೆ ವೈನಿಯ ಫೋನಿನ ನಕ್ಷೆಯಲ್ಲಿ ನೋಡಿದರೆ ಗಂಡ ತಾಂಬಾದಲ್ಲಿದ್ದಾರೆ. ತಾಂಬಾದಲ್ಲಿ ಇರುವುದು ಅಣ್ಣನ ಅಕ್ಕನ ಮನೆ.

“ಅಕ್ಕನ ಮನೀಗೆ ಹೋಗಾಕ ಎಮ್ಮಿ ಅಡ್ಡ ಬರೂದಿಲ್ಲ, ನನ್ನ ತವರಮನೀಗೆ ಬರಾಕ ಅಡ್ಡ ಬರ್ತೈತಿ?” ನಾನು ತಲುಪಿದಾಗ ಸ್ಪೀಕರಿನಲ್ಲಿ ವೈನಿ.

“ಮನ್ಯಾಗ ಅದೇನಿ ಮಾರಾಯ್ತಿ!”

“ಹಂಗಾರ ಎಮ್ಮಿ ಒದರಿಸ್ರಿ.”

ನಾನು ಫೋನನ್ನು ಎಮ್ಮೆಯ ಬಾಯಿಯ ಹತ್ತಿರ ಹಿಡಿದೆ. ಅದು ನನ್ನನ್ನೇ ನೋಡುತ್ತ ಮೆಲುಕು ಹಾಕಿತು. ಅಣ್ಣ ಕರುವನ್ನು ಎಳೆದುಕೊಂಡು ಗೋಡೆಯ ಆಚೆ ಹೋದರು. ಆಗ ಎಮ್ಮೆ ಓಣಿಗೆಲ್ಲ ಕೇಳುವಂತೆ ಒದರಿತು.

ಆ ಕಡೆಯಿಂದ ವೈನಿ ಅಂದರು: “ಹೌದ್ರಿ, ನಮ್ಮ ಎಮ್ಮೀನ. ಅದನ್ನೂ ಕರಕೊಂಡ್ ಹೋಗೀರೇನು ತಾಂಬಾಕ?”

ಅಳತಿ

ಅಣ್ಣನ ಮನೆಯ ಡಬ್ಬಿ ಮೊದಲು ತಾಂಬಾದಲ್ಲಿತ್ತು; ಅಲ್ಲಿನ ಅಕ್ಕನೇ ಅದನ್ನು ಅಣ್ಣನಿಗೆ ಕೊಟ್ಟಿದ್ದರು. ಪ್ರತಿ ಡಬ್ಬಿಯೂ ತನ್ನ ನಂಬರನ್ನು ಗಾಳಿಯಲ್ಲಿ ಸಾರುತ್ತಲೇ ಇರುತ್ತದೆ. ಹತ್ತಿರ ಓಡಾಡುವ ಫೋನುಗಳು ಅದನ್ನು ಹಿಡಿದು, ಆ ಡಬ್ಬಿ ಎಲ್ಲಿದೆಯೆಂದು ನಕ್ಷೆಯವರಿಗೆ ತಿಳಿಸುತ್ತವೆ. ಡಬ್ಬಿ ಊರು ಬದಲಿಸಿದ್ದು ನಕ್ಷೆಗೆ ತಡವಾಗಿ ತಿಳಿಯುತ್ತದೆ, ಅದಕ್ಕೇ ಅಣ್ಣ ಇನ್ನೂ ತಾಂಬಾದಲ್ಲೇ ಕಂಡರು; ಆದರೆ ತಿಳಿಯುತ್ತದೆ. ನಂಬರ್ ಇದ್ದವನು ಹುಡುಕಿಯಾನು.

ಇಂಡಿಗೆ ಹೋಗಿ ಟೇಲರ್ ಅಕ್ಕನಿಗೆ ಹೇಳಿದೆ: “ಅವ ಹೇಳಿದ್ದು ಖರೇ ಐತ್ರಿ ಅಕ್ಕಾ. ನಿಮಗ ಹೊಸಾದು ಹಚ್ತೇನಿ. ಹಳೇದು ಒಗದುಬಿಡ್ರಿ.”

ಅಂದು ಅಕ್ಕನ ಚಿಗವ್ವ, ಅಂದರೆ ಚಿಕ್ಕಮ್ಮ, ಅಲ್ಲಿದ್ದರು. ಸಿಂದಗಿಯಲ್ಲಿ ಪೊಲೀಸ್ ಹವಾಲ್ದಾರ್, ಮನೆ ಪೊಲೀಸ್ ಕ್ವಾರ್ಟರ್ಸಿನಲ್ಲಿ.

“ಯಾಕ ಒಗೀಬೇಕು? ನಮ್ಮ ಮನ್ಯಾಗ ಹಚ್ಚಿಕೊಡು,” ಅಂದರು.

“ಅವ ಅಲ್ಲಿಗೇ ಬರ್ತಾನಲ್ರಿ.”

“ಬರ್ಲಿ. ಮನೀಗೆ ಬರೋರಿಗೆ ಬ್ಯಾಡ ಅನ್ನಬಾರ್ದು.”

ಮೊದಲು ಅಕ್ಕನಿಂದ ಒಂದು ದೂರು ಕೊಡಿಸಿದರು. ಆಮೇಲೆ ನಾನು ಡಬ್ಬಿಯನ್ನು ಸಿಂದಗಿಯಲ್ಲಿ ಹಾಕಿಕೊಟ್ಟೆ. ಮುಂದಿನದು ಚಿಗವ್ವನೇ ಹೇಳಿದ್ದು.

ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತಲೆಗೆ ಎಣ್ಣೆ, ಮೈಗೆ ಅತ್ತರು, ಕೈಯಲ್ಲಿ ಜಂಪರಿನ ಬಟ್ಟೆ ಹಿಡಿದು ಅವನು ನಿಂತಿದ್ದ. ಬಾಗಿಲು ತೆರೆದರೆ ಎದುರಿಗೆ ಖಾಕಿಯಲ್ಲಿ ಚಿಗವ್ವ.

“ಇಲ್ಲಿ... ಜಂಪರ್ ಹೊಲೀತಾರೇನ್ರಿ?”

“ಹೊಲೀತೇವಿ. ಒಳಗ ಬಾ ತಮ್ಮಾ, ಅಳತಿ ತಗೋತೇನಿ.”

ಬಟ್ಟೆ ಅಲ್ಲೇ ಬಿಟ್ಟು ತಿರುಗಿ ಓಡಿದ. ಎದುರು ಸಾಲಿನಲ್ಲಿ ಒಬ್ಬರು ಬನಿಯನ್ನಿನಲ್ಲಿ ಬೈಕ್ ತೊಳೆಯುತ್ತಿದ್ದರು, ಒಬ್ಬರು ಹಲ್ಲುಜ್ಜುತ್ತಿದ್ದರು. ಎಲ್ಲರೂ ಪೊಲೀಸರೇ. ಅವನು ಗೇಟು ಮುಟ್ಟಲಿಲ್ಲ.

ಠಾಣೆಯಲ್ಲಿ ಅಕ್ಕ ಅವನ ಎದುರಿಗೇ ನಿಂತು ಎಲ್ಲವನ್ನೂ ಹೇಳಿದರು. ಇನ್ನು ತಂಟೆಗೆ ಬರುವುದಿಲ್ಲ ಎಂದು ಪೊಲೀಸರು ಅವನಿಂದ ಮುಚ್ಚಳಿಕೆ ಬರೆಸಿಕೊಂಡರು. ಮರುದಿನವೇ ಇಂಡಿಯಲ್ಲಿ ಅಕ್ಕನ ಹೆಸರಿನ ಬೋರ್ಡ್ ಎದ್ದಿತು. ಮೊಳೆ ಹೊಡೆದವರು ಕಾಕಾ.

ಅವನು ಬಿಟ್ಟುಹೋದ ಬಟ್ಟೆಯಲ್ಲಿ ಅಕ್ಕ ಚಿಗವ್ವನಿಗೇ ಜಂಪರ್ ಹೊಲಿಯಲು ಕೂತರು. ಚಿಗವ್ವನದು ಪೊಲೀಸ್ ಮೈಕಟ್ಟು. ಬಟ್ಟೆ ತೋಳಿಗೆ ಸಾಲಲಿಲ್ಲ.

ಹಳೆಯ ಡಬ್ಬಿ ಇನ್ನು ತೆಗೆಯಲೇ ಎಂದು ನಾನು ಫೋನ್ ಮಾಡಿದೆ.

“ತಡಿಯೋ ತಮ್ಮಾ,” ಅಂದರು ಚಿಗವ್ವ. “ಇನ್ನೊಂದೀಟ ದಿನ ಇರ್ಲಿ. ತೋಳಿನ ಬಟ್ಟಿ ಬರೂದೈತಿ.”