ಮೋಟಾರಿಗೆ ಕಣ್ಣು ಬರೆದದ್ದು

ಬಣ್ಣದವರ ಮನೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಒಬ್ಬರು ತೊಟ್ಟಿಲು ತರುತ್ತಾರೆ. ಇನ್ನೊಬ್ಬರು ಕೋಡಿಗೆ ಬಣ್ಣ ಬೇಕೆಂದು ಎತ್ತನ್ನೇ ಒಳಗೆ ಹೊಡೆದುಕೊಂಡು ಬರುತ್ತಾರೆ. ನಾನು ಈ ಮೊದಲು ಏನನ್ನೂ ಬರೆದವನಲ್ಲ. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ಎಲ್ಲವನ್ನೂ ಹೇಳುತ್ತಿದ್ದೇನೆ.

ನಮ್ಮ ಮನೆತನದ ಕೆಲಸ ಮರದ ಗೊಂಬೆಗಳಿಗೂ ದೇವರ ಮೂರ್ತಿಗಳಿಗೂ ಬಣ್ಣ ಹಚ್ಚುವುದು. ಊರು ಕೊಪ್ಪಳದ ಹತ್ತಿರ. ಊರಿನ ಹೆಸರು ಬರೆದರೆ ಮನೆಯೂ ಗೊತ್ತಾಗಿಬಿಡುತ್ತದೆ, ಅದಕ್ಕೇ ಬಿಟ್ಟಿದ್ದೇನೆ. ಆಗ ನಿಜಾಮರ ಆಳಿಕೆ. ದೊಡ್ಡ ಯುದ್ಧ ನಡೆದಿತ್ತು. ಕುಷ್ಟಗಿಯ ಒಬ್ಬ ಹತ್ತಿ ಸಾಹುಕಾರರ ಬಳಿ ಒಂದು ಮೋಟಾರಿತ್ತು. ಅದರ ಡ್ರೈವರ್‌ನನ್ನು ನಾವು ಚಾಚಾ ಎನ್ನುತ್ತಿದ್ದೆವು. ಅವನ ತಂದೆಯೂ ನಮ್ಮ ಅಪ್ಪನೂ ಹಳೆಯ ಗೆಳೆಯರು.

ಸಾಹುಕಾರರು ಹೈದರಾಬಾದಿಗೆ ಕೋರ್ಟು ಕೆಲಸಕ್ಕೆ ಹೋಗಿದ್ದರು. ಮೋಟಾರು ಕೊಪ್ಪಳದ ಅವರ ಗೋದಾಮಿನಲ್ಲಿ ನಿಂತಿತ್ತು. ಚಾಚಾ ಅವರನ್ನು ಕೇಳದೆ ತನ್ನ ತಂಗಿಯನ್ನು ಅದರಲ್ಲಿ ತಾವರಗೇರಾಕ್ಕೆ ಬಿಟ್ಟು ಬಂದ. ಬರುವಾಗ ಎದುರಿನ ಬಂಡಿಯ ಅಚ್ಚು ತಾಗಿ ಮೋಟಾರಿನ ಮುಂಭಾಗವೆಲ್ಲ ಗೀರಿತು.

ಮರುದಿನ ಅವನು ಒಂದು ಬಂಡಿಯಲ್ಲಿ ಮೇವಿನ ಕೆಳಗೆ ಮುಚ್ಚಿಕೊಂಡು ಮೋಟಾರಿನ ಸಾಮಾನು ತಂದ. ಗಾಲಿಯ ಮೇಲಿನ ತಗಡಿನ ಕಮಾನು ಎರಡು, ಅವಕ್ಕೆ ಮಡ್‌ಗಾರ್ಡು ಎನ್ನುತ್ತಾರೆ. ಗಾಲಿಯ ನಡುವಿನ ಮುಚ್ಚಳ ನಾಲ್ಕು. ಬಳೆ ಸಮೇತ ಮುಂದಿನ ದೀಪ ಎರಡು.

"ಬೇಸ್ತವಾರ ಸಾಹುಕಾರ್ರು ಬರ್ತಾರ. ಗೀರು ಕಂಡರ ಚಾವಿ ಇಟ್ಟು ಮನಿಗೆ ನಡಿ ಅಂತಾರ. ಈ ಸೀಮ್ಯಾಗ ಇನ್ನೊಂದು ಮೋಟಾರು ಎಲ್ಲೈತಿ ಹೇಳು? ಎತ್ತು ಹೊಡ್ಯಾಕ ನನಗ ಬರಂಗಿಲ್ಲ" ಎಂದ.

"ಇದು ನಮ್ಮ ಕೆಲಸ ಅಲ್ಲ, ಚಾಚಾ" ಎಂದು ನಾನು ಅಂದೇ ಹೇಳಬೇಕಿತ್ತು. ಹೇಳಲಿಲ್ಲ.

ಎಮ್ಮೆ

ಯುದ್ಧದಿಂದಾಗಿ ಎಣ್ಣೆಬಣ್ಣದ ಡಬ್ಬಿ ಯಾವ ಅಂಗಡಿಯಲ್ಲೂ ಇರಲಿಲ್ಲ. ಹೀಗಾಗಿ ಗೊಂಬೆಗೆ ಮಾಡುವಂತೆಯೇ ಮಡ್‌ಗಾರ್ಡಿಗೂ ಮಾಡಿದೆ. ಹುಣಸೆ ಬೀಜ ಅರೆದು ಕುದಿಸಿದರೆ ಅಂಟು ಬರುತ್ತದೆ. ಅದಕ್ಕೆ ಬಿಳಿಕಲ್ಲಿನ ಪುಡಿ ಕಲಸಿ ಬಳಿದರೆ ಗೀರು ತುಂಬುತ್ತದೆ. ಅದು ಒಣಗಿದ ಮೇಲೆ, ಕಾಸಿದ ಕುಸುಬಿ ಎಣ್ಣೆಯಲ್ಲಿ ದೀಪದ ಮಸಿ ಕಲಸಿ ಕಪ್ಪು ಹಚ್ಚಬೇಕು. ಅಂಟು ಬಳಿದು, ಒಣಗಲೆಂದು ಮಡ್‌ಗಾರ್ಡುಗಳನ್ನು ಹಿತ್ತಲಲ್ಲಿಟ್ಟೆ.

ಹುಣಸೆ ಬೀಜದ ಅಂಟು ದನಗಳಿಗೆ ಹಿಂಡಿಯಷ್ಟೇ ಪ್ರೀತಿ. ನನಗೆ ಅದು ಗೊತ್ತಿತ್ತು. ಆದರೆ ಗೊಂಬೆಗಳನ್ನು ಯಾವಾಗಲೂ ಅಟ್ಟದ ಮೇಲೆ ಒಣಗಿಸುತ್ತಿದ್ದುದರಿಂದ ಆಗ ನೆನಪಾಗಲಿಲ್ಲ. ಸಂಜೆ ಚಾಚಾ ಬಂದು ನೋಡಿದಾಗ ನಮ್ಮ ಎಮ್ಮೆ ಒಂದು ಮಡ್‌ಗಾರ್ಡು ಮುಗಿಸಿ ಎರಡನೆಯದಕ್ಕೆ ನಾಲಿಗೆ ಹಾಕಿತ್ತು. ಅಂಟಿನ ಜೊತೆ ಕಂಪನಿಯ ಹಳೆಯ ಬಣ್ಣವೂ ಅಲ್ಲಲ್ಲಿ ಎದ್ದುಹೋಗಿತ್ತು.

ಚಾಚಾ ತಲೆಯ ಮೇಲೆ ಕೈಯಿಟ್ಟು ಕುಳಿತ. ಅಪ್ಪ ಹೊರಗೆ ಬಂದು ತಗಡಿನ ಮೇಲೆ ಬೆರಳಾಡಿಸಿ ನೋಡಿದ.

"ನನ್ನ ಮಗ ಎರಡು ದಿನ ತಿಕ್ಕಿದ್ರೂ ಇಷ್ಟು ನುಣುಪು ಬಂದಿರಲಿಲ್ಲ. ಎರಡನೇದನ್ನೂ ಅದಕ್ಕ ಬಿಡ್ರಿ" ಎಂದ.

ತಾಟು

ಮಡ್‌ಗಾರ್ಡುಗಳಿಗೆ ಮತ್ತೆ ಅಂಟು ಬಳಿದು, ಈ ಸಲ ಅಟ್ಟದ ಮೇಲೆ ಒಣಗಿಸಿ, ಕಪ್ಪು ಹಚ್ಚಿದೆ. ನಾಲ್ಕು ಮುಚ್ಚಳಗಳನ್ನು ತಿಕ್ಕಿ ಹೊಳಪು ಮಾಡಿ ಅಡುಗೆಮನೆಯ ಗೂಡಿನಲ್ಲಿಟ್ಟಿದ್ದೆ. ಮಂಗಳವಾರ ಎಣಿಸಿದರೆ ಮೂರೇ ಇದ್ದವು.

"ಅವ್ವಾ, ಇಲ್ಲಿದ್ದ ಮುಚ್ಚಳ?"

"ಆ ತಾಟನ? ಪಕ್ಕದ ಮನಿಗೆ ಕರ್ಚಿಕಾಯಿ ಹಾಕಿ ಕೊಟ್ಟೀನಿ."

"ಅದು ಮೋಟಾರಿನ ಗಾಲಿದು!"

"ಗಾಲಿಗೆ ಅಷ್ಟು ಛಲೋ ತಾಟು ಯಾಕಪಾ? ಮಣ್ಣು ಉಣ್ಣಾಕ?"

ಚಾಚಾನೇ ಪಕ್ಕದ ಮನೆಗೆ ಓಡಿದ. ನಮ್ಮ ಕಡೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ತಿನಿಸು ಬಂದ ತಾಟನ್ನು ಬರಿದಾಗಿ ಮರಳಿಸುವಂತಿಲ್ಲ. ತಿರುಗಿ ಏನಾದರೂ ಹಾಕಿಯೇ ಕಳಿಸಬೇಕು. ಆ ಮನೆಯ ಹೆಣ್ಣುಮಗಳು ಬಹಳ ಮರ್ಯಾದಸ್ಥೆ.

"ಬರೇ ತಾಟು ಹೆಂಗ ಕೊಡ್ಲಿ ಚಾಚಾ? ಶುಕ್ರವಾರ ಹೋಳಿಗಿ ಮಾಡ್ತೀನಿ. ಹಾಕಿ ಕೊಡ್ತೀನಿ" ಎಂದಳು.

"ಶುಕ್ರವಾರಕ್ಕ ನನ್ನ ನೌಕರಿ ಇರೂದಿಲ್ಲ ತಂಗಿ!"

"ಅಯ್ಯ, ಹಂಗಾದ್ರ ನಿಮಗೂ ಎರಡು ಹೋಳಿಗಿ ತಗದಿಡ್ತೀನಿ ಬಿಡ್ರಿ."

ಕೊನೆಗೆ ಚಾಚಾ ಅಂಗಡಿಗೆ ಹೋಗಿ ಬೆಲ್ಲ ತಂದು ಅವಳಿಗೆ ಕೊಟ್ಟ. ಅವಳು ಅದನ್ನು ಮುಚ್ಚಳದಲ್ಲಿ ಹಾಕಿ ಚಾಚಾನ ಕೈಯಲ್ಲೇ ಕೊಟ್ಟಳು. ಅವನು ತಂದು ಅವ್ವನಿಗೆ ಕೊಟ್ಟ. ಅವ್ವ ಬೆಲ್ಲವನ್ನು ಡಬ್ಬಿಗೆ ಸುರಿದುಕೊಂಡು, "ನೋಡಪಾ, ಕೊಡುವ ಕೈ ಅಂದ್ರ ಆಕಿದು. ನಿನ್ನಂಥವ್ರು ನೋಡಿ ಕಲೀಬೇಕು" ಎಂದಳು.

ಬಳೆ

ದೀಪದ ಸುತ್ತ ನಿಕ್ಕಲ್ ಬಳೆಗಳಿದ್ದವು. ನಿಕ್ಕಲ್ ಎದ್ದು ತುಕ್ಕು ಕಾಣುತ್ತಿತ್ತು. ತವರವನ್ನು ಬಡಿದು ತೆಳ್ಳಗಿನ ಹಾಳೆ ಮಾಡಿ ಅಂಟಿಸುವ ವಿದ್ಯೆ ನಮ್ಮ ಅಪ್ಪನಿಗೆ ಚೆನ್ನಾಗಿ ಬರುತ್ತಿತ್ತು. ಅಂಟಿಸಿದರೆ ಥೇಟ್ ಬೆಳ್ಳಿ. ಚಾಚಾ ಅದರಲ್ಲಿ ಮೀಸೆ ನೋಡಿಕೊಂಡು ಸಂತೋಷದಿಂದ ಊಟಕ್ಕೆ ಹೋದ. ಬರುವಷ್ಟರಲ್ಲಿ ಅಪ್ಪ ಅದರ ಮೇಲೆ ರೋಗನ್ ಎಂಬ ಹಳದಿ ಹೊಳಪೆಣ್ಣೆ ಬಳಿದು ಬಂಗಾರ ಮಾಡಿದ್ದ.

"ಮೊದಲು ಬೆಳ್ಳಗಿತ್ತಲ್ರಿ ಇದು!"

"ಬೆಳ್ಳಗ ಬಿಡಾಕ ನಿಮ್ಮ ಸಾಹುಕಾರ ಏನು ಬಡವನ?" ಎಂದ ಅಪ್ಪ.

ಕಣ್ಣು

ಇನ್ನು ಉಳಿದದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ.

ನಮ್ಮಲ್ಲಿ ಮೂರ್ತಿಗೆ ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಗೆ. ಕಣ್ಣಿಲ್ಲದ ಮುಖ ನಮ್ಮ ಹೊಸ್ತಿಲು ದಾಟಬಾರದು. ಬರೆದ ಕಣ್ಣನ್ನು ಅಳಿಸಬಾರದು. ಬೇಸ್ತವಾರ ಮುಂಜಾನೆ ಅಪ್ಪ ಎರಡೂ ದೀಪಗಳನ್ನು ಬಟ್ಟೆಯಲ್ಲಿ ಕಟ್ಟಿ, "ಜೋಡಿಸುವಾಗ ಬಿಚ್ರಿ" ಎಂದು ಕೊಟ್ಟ. ಮೋಟಾರನ್ನು ಕೊಪ್ಪಳದ ಸ್ಟೇಶನ್ನಿನ ಬಯಲಿಗೆ ತಂದು ನಿಲ್ಲಿಸಿ, ಮಿಕ್ಕ ಸಾಮಾನನ್ನೆಲ್ಲ ಜೋಡಿಸಿ ಬಟ್ಟೆ ಬಿಚ್ಚಿದೆವು. ಎರಡೂ ಗಾಜಿನ ಮೇಲೆ ದೊಡ್ಡ ದೊಡ್ಡ ಬಿಳಿ ಕಣ್ಣುಗಳು. ನಡುವೆ ಕರಿ ಗುಡ್ಡೆ, ಅಂಚಿಗೆ ರೆಪ್ಪೆ.

ದೂರದಲ್ಲಿ ರೈಲಿನ ಹೊಗೆ ಕಂಡಿತು. ನನ್ನ ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆಯಿತ್ತು.

"ಒರಸೋ!"

"ಕಣ್ಣು ಚಾಚಾ... ಬರೆದ ಕಣ್ಣು. ನೀ ಒರಸು."

"ನಾ? ನಿಮ್ಮ ದೇವ್ರ ಕಣ್ಣು ನಾ ಒರಸಲಿ? ನಾಳೆ ನನ್ನ ಕಣ್ಣಿಗೆ ಏನಾರ ಆದ್ರ?"

ಒಂದು ಸಲ ಒರೆಸಿದ್ದರೆ ಸಾಕಿತ್ತು. ನನ್ನ ಕೈ ಏಳಲಿಲ್ಲ. ದೀಪಗಳನ್ನು ಹಾಗೆಯೇ ಜೋಡಿಸಿದೆವು.

ಸಾಹುಕಾರರು ಹಿಂದಿನಿಂದ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಮುಂಭಾಗವನ್ನು ನೋಡಲಿಲ್ಲ. ನಾನು ಚಾಚಾನ ಪಕ್ಕ ಕುಳಿತೆ. ಕುಷ್ಟಗಿಯ ದಾರಿ ಹಿಡಿದೆವು. ಸಂತೆಯ ಜನ ಎದುರಾಗತೊಡಗಿದರು. ಮೋಟಾರು ಕಂಡೊಡನೆ ನಿಂತು, ಚಪ್ಪಲಿ ಬಿಟ್ಟು, ಕೈ ಮುಗಿದರು. ಸಾಹುಕಾರರು ಒಳಗಿನಿಂದ ಕೈಯೆತ್ತುತ್ತ, "ನೋಡಿದ್ಯಾ? ಹದಿನೈದು ದಿನ ಕಾಣಲಿಲ್ಲಂದ್ರ ಜನಕ್ಕ ನಮ್ಮ ಕದರು ತಿಳಿತೈತಿ" ಎಂದರು. ಚಾಚಾ ನನ್ನ ಕಡೆ ನೋಡಲಿಲ್ಲ. ನಾನೂ ಅವನ ಕಡೆ ನೋಡಲಿಲ್ಲ.

ಮುಂದಿನ ಊರಿನಲ್ಲಿ ಜನ ದಾರಿಗೆ ಅಡ್ಡ ನಿಂತಿದ್ದರು. ಸೈಕಲ್ಲಿನವನೊಬ್ಬ ನಮಗಿಂತ ಮೊದಲು ಬಂದು ಸುದ್ದಿ ಮುಟ್ಟಿಸಿದ್ದ. ಒಬ್ಬ ಮುದುಕಿ ತೆಂಗಿನಕಾಯಿ ಹಿಡಿದು ಮುಂದೆ ಬಂದಳು. ಸಾಹುಕಾರರು ಇಳಿದು, ಮೋಟಾರಿನ ಮುಂದೆ ನಿಂತು, "ಇರ್ಲಿ ಇರ್ಲಿ, ಇಷ್ಟೆಲ್ಲಾ ಯಾಕ್ರಿ" ಎಂದು ತಲೆಬಾಗಿದರು.

ಮುದುಕಿ ಹೇಳಿದಳು: "ಯಪ್ಪಾ, ತುಸು ಬಾಜೂಕ ಸರಿ. ನೀ ಅಡ್ಡ ನಿಂತ್ರ ಅದಕ್ಕ ನಾ ಹೆಂಗ ಕಾಣಬೇಕು?"

ಸಾಹುಕಾರರು ತಿರುಗಿ ಕಣ್ಣುಗಳನ್ನು ನೋಡಿದರು. ಕಣ್ಣುಗಳು ಅವರನ್ನು ನೋಡಿದವು.

"ಚಾವಿ ಕೊಡು" ಎಂದರು. ಚಾಚಾ ಕೊಟ್ಟ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಮತ್ತೆ ಹಿಂದಿನ ಸೀಟಿನಲ್ಲಿ ಕುಳಿತರು. ಆಮೇಲೆ ಅವರಿಗೆ ಹೊಳೆದದ್ದು, ಮೋಟಾರು ನಡೆಸಲು ಅಲ್ಲಿ ಇನ್ನಾರಿಗೂ ಬರುವುದಿಲ್ಲ ಎಂದು. ಆಡಿದ ಮಾತನ್ನು ಅಷ್ಟು ಬೇಗ ಹಿಂದೆ ತೆಗೆದುಕೊಳ್ಳುವ ಮನುಷ್ಯರಲ್ಲ ಅವರು. "ಎತ್ತು ಕಟ್ರಿ" ಎಂದರು. ಊರವರು ಕುಣಿಯುತ್ತ ಹೋಗಿ ಎರಡು ಜೋಡಿ ಎತ್ತು ತಂದು ಕಟ್ಟಿದರು. ಮೋಟಾರು ಹೊರಟಿತು. ನಾನೂ ಚಾಚಾನೂ ಕಿಟಕಿಯ ಪಕ್ಕದಲ್ಲೇ ನಡೆದೆವು.

ಒಂದು ಮೈಲಿ ಹೋದ ಮೇಲೆ ಸಾಹುಕಾರರು ಕಿಟಕಿಯಿಂದ ತಲೆ ಹಾಕಿದರು. "ಎಷ್ಟು ವರ್ಷ ಆತೋ ನನ್ನ ಹತ್ರ?" ಎಂದು ಚಾಚಾನನ್ನು ಕೇಳಿದರು.

"ಹತ್ತು, ಸರಕಾರ."

"ಹ್ಞೂಂ. ನಾಳೆ ಮುಂಜಾನೆ ಬಾ. ಆ ಕಣ್ಣು ತಗಸು. ಚಾವಿ ಕೊಡ್ತೀನಿ" ಎಂದು, ತಲೆಯನ್ನು ಒಳಗೆ ಎಳೆದುಕೊಂಡು ಆ ಕಡೆಗೆ ಮುಖ ತಿರುಗಿಸಿದರು.

ಚಾಚಾ ಕಣ್ಣೊರೆಸಿಕೊಂಡ. ನನ್ನ ಎದೆ ಎಷ್ಟು ಹಗುರವಾಯಿತೆಂದರೆ ಬುದ್ಧಿಯೂ ಹಗುರವಾಯಿತು. ಎದುರಿನಿಂದ ಬಂದ ದಾರಿಹೋಕನೊಬ್ಬ ಮೋಟಾರಿಗೆ ಕೈ ಮುಗಿದು, ಒಳಗೆ ಇಣುಕಿ, "ಒಳಗ ಕುಂತಾವ ಯಾರ್ರಿ?" ಎಂದು ಕೇಳಿದ.

"ಪೂಜಾರಿ" ಎಂಬ ಉತ್ತರ ಬಂತು.

ಸಾಹುಕಾರರು ಚಾವಿಯನ್ನು ಮತ್ತೆ ಕೊಡಲಿಲ್ಲ. ಆ ಮಾತು ಚಾಚಾನದೇ ಎಂದು ಅವರು ಕೊನೆಯವರೆಗೂ ನಂಬಿದ್ದರು. ಚಾಚಾ ಅಲ್ಲವೆನ್ನಲಿಲ್ಲ. ಅಂದದ್ದು ನಾನು.