ತಜ್ಞರ ಅಡ್ಡಪಟ್ಟಿ

ಕಾರು ಮಾಡಿದ ಕಂಪನಿಯವರಿಗೆ ತಲೆಯಿಲ್ಲ ಎಂದು ತಜ್ಞರು ಭಾನುವಾರ ಬೆಳಿಗ್ಗೆ ಕಾಫಿ ಮುಗಿಸುವಷ್ಟರಲ್ಲಿ ತೀರ್ಮಾನಿಸಿಬಿಟ್ಟರು. ಆ ತಲೆಯನ್ನು ತಾವೇ ಒದಗಿಸುವುದಾಗಿ, ಅದೂ ಸಂಜೆಯೊಳಗೇ ಒದಗಿಸುವುದಾಗಿ, ಮನೆಯಲ್ಲಿ ಘೋಷಣೆಯೂ ಆಯಿತು!

ತಜ್ಞರು ಎಂಬುದು ಕಚೇರಿಯವರು ಇಟ್ಟ ಹೆಸರು. ವಿಮಾ ಅರ್ಜಿಗಳಿಗೆ ಮೊಹರು ಒತ್ತಿಕೊಂಡಿದ್ದ ಈ ಮಹಾಶಯರು ಒಮ್ಮೆ ಫ್ಯಾನು ರಿಪೇರಿಗೆ ಕೈಹಾಕಿ ಇಡೀ ಮಹಡಿಯ ದೀಪ ಆರಿಸಿದ್ದರು. ಆವತ್ತಿನಿಂದ ಈ ಬಿರುದು. ಅದನ್ನು ಅವರು ಮರ್ಯಾದೆ ಎಂದೇ ತಿಳಿದಿದ್ದಾರೆ. ತಿಳಿಹೇಳುವ ಉಸಾಬರಿ ಯಾರಿಗೂ ಬೇಕಿಲ್ಲ.

ಈ ಸಲದ ಅವತಾರಕ್ಕೆ ಕಾರಣ ಹೆಂಡತಿಯ ಡ್ರೈವಿಂಗ್ ಪರೀಕ್ಷೆ. ರಕ್ತಪರೀಕ್ಷೆ ಮಾಡುವ ಸಣ್ಣ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದ ಆಕೆಯನ್ನು ಊರಾಚೆಯ ದೊಡ್ಡ ಆಸ್ಪತ್ರೆಯವರು ತಮ್ಮ ಲ್ಯಾಬಿನ ಮುಖ್ಯಸ್ಥೆಯಾಗಿ ಆರಿಸಿದ್ದರು. ಆದರೆ ಕೆಲಸ ಶುರುವಾಗುವುದು ಬೆಳಗಿನ ಮೊದಲ ಬಸ್ಸು ಹೊರಡುವುದಕ್ಕೂ ಮೊದಲು. ಸೋಮವಾರ ಲೈಸೆನ್ಸು ಸಿಕ್ಕರೆ ಕುರ್ಚಿ ಆಕೆಯದು, ಇಲ್ಲದಿದ್ದರೆ ಸಾಲಿನಲ್ಲಿ ಮುಂದಿನವರದು. ಹೋದ ಸಲದ ಪರೀಕ್ಷೆಯಲ್ಲಿ ತಜ್ಞರೇ ಧೈರ್ಯ ಹೇಳಲು ಹಿಂದಿನ ಸೀಟಿನಲ್ಲಿ ಕೂತು, ತಿರುವು ಬಂದ ಕೂಡಲೇ ಕ್ಲಚ್ಚು, ಬ್ರೇಕು, ಎಡಕ್ಕೆ, ಅಲ್ಲ ಬಲಕ್ಕೆ ಎಂದು ಪಾರಾಯಣ ಮಾಡಿದ್ದರು. ಕಾರು ನೆಟ್ಟಗೆ ಹೋಗಿ ಕಂಬಕ್ಕೆ ಮುತ್ತಿಟ್ಟಿತ್ತು. ತಪ್ಪು ಆಕೆಯದಲ್ಲ, ತಮ್ಮದಂತೂ ಅಲ್ಲವೇ ಅಲ್ಲ, ಕಾರಿನ ಮೈಕಟ್ಟೇ ಸಡಿಲ ಎಂದು ತಜ್ಞರು ಅಂದಿನಿಂದ ವಾದಿಸುತ್ತಾ ಬಂದಿದ್ದರು.

ಬಾನೆಟ್ ಎತ್ತಿದರೆ ಎಂಜಿನ್ನಿನ ಆಚೆ ಈಚೆ ಎರಡು ದಿಬ್ಬಗಳು ಕಾಣುತ್ತವೆ. ಮುಂದಿನ ಚಕ್ರಗಳ ಸ್ಪ್ರಿಂಗು ಬಂದು ನಿಲ್ಲುವುದು ಅವುಗಳ ಕೆಳಗೆ. ತಿರುವಿನಲ್ಲಿ ಈ ದಿಬ್ಬಗಳು ಒಂದಿಷ್ಟು ಬಾಗುತ್ತವಂತೆ. ಎರಡನ್ನೂ ಸೇರಿಸಿ ಕಬ್ಬಿಣದ ಅಡ್ಡಪಟ್ಟಿಯೊಂದನ್ನು ಬಿಗಿದರೆ ಕಾರು ಬಂಡೆಯಂತೆ ನಿಲ್ಲುತ್ತದೆ. ಇಷ್ಟನ್ನು ಫೋನಿನ ವಿಡಿಯೋದಲ್ಲಿ ಯಾರೋ ಹೇಳಿದ್ದನ್ನು ತಜ್ಞರು ನೋಡಿದ್ದರು, ಅದೂ ಅರ್ಧ.

"ಪಟ್ಟಿ ಹಾಕಿದ ಮೇಲೆ ಬಾನೆಟ್ ಮುಚ್ಚುತ್ತಾ?" ಎಂದು ಹೆಂಡತಿ ಕೇಳಿದಳು.

ತಜ್ಞರು ನಕ್ಕರು. ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಸೀಳಿ, ದಿಬ್ಬದಿಂದ ದಿಬ್ಬಕ್ಕೆ ಕಮಾನಿನಂತೆ ಒಂದು ಪಟ್ಟಿ ಕತ್ತರಿಸಿ ಕೂರಿಸಿದರು. ಬಾನೆಟ್ ಬಿಟ್ಟರು. ಟಪ್ ಎಂದು ಮುಚ್ಚಿಕೊಂಡಿತು. ಲೆಕ್ಕಾಚಾರ ಅಂದರೆ ಇದು ಎಂದು ಬಾನೆಟ್ ತಟ್ಟಿದರು. ಒಳಗೆ ರಟ್ಟು ದೋಸೆಯಂತೆ ಮಡಚಿಕೊಂಡಿದ್ದೇಕೆ ಎಂದು, ಪುಣ್ಯಾತ್ಮರು, ತೆಗೆಯುವಾಗಲೂ ಯೋಚಿಸಲಿಲ್ಲ. ಯೋಚಿಸುವುದು ತಜ್ಞರಲ್ಲದವರ ಕೆಲಸ.

ರಟ್ಟನ್ನು ಮತ್ತೆ ನೆಟ್ಟಗೆ ಮಾಡಿ ಬೀದಿ ಕೊನೆಯ ವೆಲ್ಡರನ ಬಳಿ ಒಯ್ದರು. ಅವನು ಹುಟ್ಟಾ ಗೇಟು ಮಾಡುವವನು. ಅವನ ಅಂಗಡಿಯಿಂದ ಕಬ್ಬಿಣ ಹೊರಗೆ ಬಂದರೆ ಅದಕ್ಕೊಂದು ಸುರುಳಿ, ಸುರುಳಿಗೊಂದು ಮೊಗ್ಗು ಇರಲೇಬೇಕು. ಮಧ್ಯಾಹ್ನ ಪಟ್ಟಿ ಸಿದ್ಧವಾದಾಗ ನಟ್ಟನಡುವೆ ಒಂದು ಈಟಿಯ ಮೊನೆ, ಅದರ ಎರಡೂ ಕಡೆ ಬಳ್ಳಿ! ಬೋಳಾಗಿ ಕಾಣುತ್ತಿತ್ತು, ಅದಕ್ಕೇ ಹಾಕಿದೆ ಎಂದ. ಬೇರೆ ಯಾರಾದರೂ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ತಜ್ಞರು ಕಣ್ಣರಳಿಸಿ, ಕಂಪನಿಯವರಿಗೆ ಇಷ್ಟು ಅಭಿರುಚಿ ಎಲ್ಲಿಂದ ಬರಬೇಕು ಎಂದು ಅವನ ಬೆನ್ನು ತಟ್ಟಿ ಬಂದರು.

ಮನೆಯ ಮುಂದೆ ಪ್ರತಿಷ್ಠಾಪನೆ ನಡೆಯಿತು. ದಿಬ್ಬದ ಬೋಲ್ಟುಗಳ ಮೇಲೆ ಪಟ್ಟಿ ಕೂರಿಸಿ, ಸ್ಪಾನರಿನ ಬಾಲಕ್ಕೆ ಉದ್ದನೆಯ ಪೈಪು ಸಿಕ್ಕಿಸಿ, ಕಾಲನ್ನು ಬಂಪರಿಗೆ ಕೊಟ್ಟು ಎಳೆದರು. ಸಾಕು ಎಂದು ನಟ್ಟುಗಳು ಕಿರುಗುಟ್ಟಿದವು. ಇವರು ಇನ್ನಷ್ಟು ಎಳೆದರು. ನಟ್ಟುಗಳ ಮೂಲೆಗಳೆಲ್ಲ ಸವೆದು ಗೋಲಿಯಂತಾದವು. ಇನ್ನು ಅವನ್ನು ಬಿಚ್ಚಲು ಯಾವ ಸ್ಪಾನರಿಗೂ ಸಾಧ್ಯವಿಲ್ಲ ಎಂದು ತಜ್ಞರು ಹೆಮ್ಮೆಯಿಂದ ಸಾರಿದರು.

ಆಮೇಲೆ ಬಾನೆಟ್ ಇಳಿಸಿದರು. ಅದು ಈಟಿಯ ಮೊನೆಗೆ ತಾಗಿ, ನಾಲ್ಕು ಬೆರಳು ಬಾಯಿ ಬಿಟ್ಟುಕೊಂಡೇ ನಿಂತಿತು. ಒತ್ತಿದರು, ಗುದ್ದಿದರು, ಕೊನೆಗೆ ಮೇಲೆ ಹತ್ತಿ ಕೂತರು. ಬಾನೆಟ್ಟಿನ ನೆತ್ತಿಯಲ್ಲಿ ಬುಗುಟೆ ಎದ್ದಿತು, ಬಾಯಿ ಮಾತ್ರ ಮುಚ್ಚಲಿಲ್ಲ. ಬಿಚ್ಚೋಣವೆಂದರೆ ನಟ್ಟುಗಳು ಗೋಲಿಯಾಗಿದ್ದವು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಆಕೆಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

"ನಾಳೆ ನನ್ನ ಪರೀಕ್ಷೆ ಅನ್ನೋದು ನೆನಪಿದೆಯಾ?"

"ಹಗ್ಗದಲ್ಲಿ ಕಟ್ಟಿದರಾಯ್ತು. ಅಲ್ಲಿ ಮುಖ್ಯ ತಿರುವು, ಬಾನೆಟ್ ಅಲ್ಲ."

ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು ಕಾರಿಗೆ ಹಲ್ಲುನೋವಿನವರಂತೆ ದವಡೆಗೊಂದು ಕಟ್ಟು ಹಾಕಿ, ತಜ್ಞರು ಸ್ನಾನಕ್ಕೆ ಹೋದರು. ಆಕೆ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಬೇಕರಿಯ ವ್ಯಾನು ಓಡಿಸುವವಳು, ಮಾತು ಕಡಿಮೆ.

ಸೋಮವಾರ ಅಕ್ಕತಂಗಿಯರು ಬೆಳಿಗ್ಗೆಯೇ ಕಾರು ತೆಗೆದುಕೊಂಡು ಹೊರಟರು. ತಜ್ಞರು ಕಚೇರಿಗೆ ಹೋಗಿ, ಸಿಕ್ಕಸಿಕ್ಕವರಿಗೆಲ್ಲ ಅಡ್ಡಪಟ್ಟಿಯ ಮಹಿಮೆ ಕೊರೆದು, ರಜೆ ಹಾಕಿ ಪರೀಕ್ಷೆಯ ಮೈದಾನಕ್ಕೆ ಬರುವಷ್ಟರಲ್ಲಿ ಕಾರು ಕೊನೆಯ ತಿರುವಿನಲ್ಲಿತ್ತು. ಕಂಬಗಳ ನಡುವೆ ಎಣ್ಣೆ ಹಚ್ಚಿದಂತೆ ನುಣುಪಾಗಿ ಹೊರಳಿ ಬಂದು ಗೆರೆಯ ಮೇಲೆ ನಿಂತಿತು. ಪಾಸು! ಪರೀಕ್ಷೆಯ ಅಧಿಕಾರಿ ಮುಂದಿನ ಸೀಟಿನಿಂದ ಇಳಿದರು, ಹಿಂದಿನಿಂದ ಅಕ್ಕ ಇಳಿದಳು.

ಕಾರಿಗೆ ಹಗ್ಗವಿರಲಿಲ್ಲ. ಬುಗುಟೆಯೊಂದು ಬಿಟ್ಟರೆ ಬಾನೆಟ್ ಲಕ್ಷಣವಾಗಿ ಮುಚ್ಚಿತ್ತು. ಕಬ್ಬಿಣ ಒಂದೇ ರಾತ್ರಿಯಲ್ಲಿ ಪಳಗಿದೆ ಎಂದು ತಜ್ಞರು ಅಲ್ಲೇ ನಿರ್ಣಯಿಸಿದರು. ನಿರ್ಣಯಿಸಿ ಸುಮ್ಮನಿದ್ದರೆ ತಜ್ಞರು ಹೇಗಾದಾರು? ಅಧಿಕಾರಿಯನ್ನು ಅಡ್ಡಗಟ್ಟಿ, ಆ ತಿರುವು ದಾಟಿಸಿದ್ದು ತಮ್ಮ ಪಟ್ಟಿ ಎಂದೂ, ಹೆಂಡತಿಯ ಕೈಚಳಕ ಅದರಲ್ಲಿ ಅಷ್ಟಕ್ಕಷ್ಟೇ ಎಂದೂ, ಇಲಾಖೆಯವರು ಎಲ್ಲ ಕಾರಿಗೂ ಇದನ್ನು ಕಡ್ಡಾಯ ಮಾಡಬೇಕೆಂದೂ ಭಾಷಣ ಬಿಗಿದರು. ಪರೀಕ್ಷೆಗೆ ಸಾಲಾಗಿ ನಿಂತಿದ್ದವರೆಲ್ಲ ಕಿವಿಗೊಟ್ಟರು.

ಅಧಿಕಾರಿ ಆಕಳಿಸಿ, ಎಲ್ಲಿ ತೋರಿಸಿ ಎಂದರು. ಹೆಂಡತಿ ಬಾನೆಟ್ ಎತ್ತಿದಳು. ದಿಬ್ಬಕ್ಕೊಂದರಂತೆ ಕತ್ತರಿಸಿದ ಕಬ್ಬಿಣದ ಮೋಟು ಬಿಟ್ಟರೆ ಒಳಗೆ ಎಂಜಿನ್ನು ಮಾತ್ರ ಇತ್ತು.

"ಪಟ್ಟಿ ಎಲ್ಲಿ?" ತಜ್ಞರು ಬಾನೆಟ್ಟಿನೊಳಗೆ ತಲೆ ತೂರಿಸಿದರು.

"ಬೆಳಿಗ್ಗೆ ವೆಲ್ಡರ್ ಹತ್ರ ಕಟ್ ಮಾಡಿಸಿಬಿಟ್ಟೆ," ಎಂದಳು ಆಕೆ, ಅಧಿಕಾರಿಯಿಂದ ಕಾಗದ ತೆಗೆದುಕೊಳ್ಳುತ್ತಾ. "ಈ ಸಲ ಕಾರಿನಿಂದ ಎರಡು ದಂಡದ ಭಾರ ಇಳಿಸಿ ಓಡಿಸಿದೆ ಸರ್. ಒಂದು ಗುಜರಿಗೆ ಹೋಯ್ತು. ಇನ್ನೊಂದು ಇಲ್ಲಿ ನಿಂತು ಭಾಷಣ ಮಾಡ್ತಾ ಇದೆ."