ಜೂಮ್ ಇಲ್ಲದ ಲೆನ್ಸು, ಬನಶಂಕರಿಯ ಬಸ್ಸು

ನಡುವಯಸ್ಸು ದಾಟಿದ ಗಂಡಸಿಗೆ ತನ್ನ ಅಭಿಪ್ರಾಯಗಳನ್ನು ಬಿಟ್ಟು ಉಳಿದ ಸಾಮಾನೆಲ್ಲ ಸಣ್ಣದಾಗಿರಬೇಕು ಎನ್ನಿಸತೊಡಗುತ್ತದೆ. ಬಾಗಲಕೋಟೆಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುವ ನನಗೂ ಹಾಗೇ ಆಯಿತು. ಕತ್ತು ನೋಯಿಸುತ್ತಿದ್ದ ಉದ್ದನೆಯ ಲೆನ್ಸನ್ನು ಕಪಾಟಿಗೆ ಸೇರಿಸಿ, ನನ್ನ ಮಿರರ್‌ಲೆಸ್ ಕ್ಯಾಮೆರಾಕ್ಕೆ ಪುಟ್ಟದೊಂದು ಪ್ರೈಮ್ ಲೆನ್ಸ್ ತಂದೆ. ಉಪ್ಪಿನಕಾಯಿ ಭರಣಿಯ ಮುಚ್ಚಳದಷ್ಟಿದೆ. ಜೂಮ್ ಮಾತ್ರ ಆಗುವುದಿಲ್ಲ. ಹತ್ತಿರದ ಚಿತ್ರ ಬೇಕಾದರೆ ನಾವೇ ಮುಂದೆ ಹೋಗಬೇಕು, ದೂರದ್ದು ಬೇಕಾದರೆ ನಾವೇ ಹಿಂದೆ ಸರಿಯಬೇಕು. "ಅಂದ್ರ ಲೆನ್ಸಿನ ಕೆಲಸಾನೂ ನೀವ ಮಾಡ್ಬೇಕೇನ್ರಿ?" ಎಂದಳು ಹೆಂಡತಿ ಸುಮಿತ್ರಾ. ಅದೇ ಇದರ ಸೊಗಸು ಎಂದು ವಿವರಿಸಿದೆ. ಅವಳು ಹೀರೇಕಾಯಿ ಹೆಚ್ಚುವುದನ್ನು ಮುಂದುವರಿಸಿದಳು.

ಲೆನ್ಸಿನ ಪರೀಕ್ಷೆಗೆಂದು ಭಾನುವಾರ ಇಬ್ಬರೂ ಬಾದಾಮಿಗೆ ಹೋದೆವು. ಗುಹೆಯ ನಟರಾಜನ ಅರ್ಧ ಕೈಗಳು ಚೌಕಟ್ಟಿನ ಹೊರಗೇ ಉಳಿದವು. ಹಿಂದೆ ಸರಿಯೋಣವೆಂದರೆ ಪ್ರವಾಸಕ್ಕೆ ಬಂದ ಇಡೀ ಶಾಲೆಯೇ ನನ್ನ ಬೆನ್ನಿಗಿತ್ತು. ಅಲ್ಲಿಂದ ಹೋದ ಚೊಳಚಗುಡ್ಡದ ಬನಶಂಕರಿ ಗುಡಿಯಲ್ಲಿ ಜಾಗ ಧಾರಾಳವಾಗಿತ್ತು. ಇಳಕಲ್ ಸೀರೆಯ ಸೆರಗು ಸರಿಪಡಿಸಿಕೊಂಡು ಸುಮಿತ್ರಾ ಹೊಂಡದ ಕಟ್ಟೆಯ ಬಳಿ ನಿಂತಳು. ಸೆರಗು ಬಂತು, ಹೊಂಡ ಬರಲಿಲ್ಲ. ಹಿಂದೆ ಸರಿದೆ. ಹೊಂಡ ಬಂತು, ದೀಪಸ್ತಂಭ ಬರಲಿಲ್ಲ. ಕಣ್ಣನ್ನು ಕ್ಯಾಮೆರಾದಲ್ಲೇ ಇಟ್ಟು ಇನ್ನೂ ಸರಿದೆ. ಕಾಲಿಗೊಂದು ಮೆಟ್ಟಿಲು ಸಿಕ್ಕಿತು. ಎತ್ತರದಿಂದ ಇನ್ನೂ ಚೆನ್ನ ಎಂದುಕೊಂಡು ಹಿಮ್ಮುಖವಾಗಿಯೇ ಹತ್ತಿದೆ. ಯಾರೋ ನನ್ನ ರಟ್ಟೆ ಹಿಡಿದೆಳೆದು, "ಬಾಗಲದಾಗ ನಿಂದ್ರಬ್ಯಾಡ್ರಿ ಸರ, ಒಳಗ ನಡೀರಿ!" ಎಂದು ಸೀಟಿ ಊದಿದರು. ನಾನು ಹುನಗುಂದಕ್ಕೆ ಹೊರಟ ಬಸ್ಸಿನಲ್ಲಿದ್ದೆ.

"ನಾ ಫೋಟೋ ತಗೀಲಿಕ್ಕೆ ಬಂದೇನ್ರಿ!" ಎಂದು ಕೂಗಿದೆ.

"ತಗೀರಿ, ಯಾರ್ ಬ್ಯಾಡ ಅಂದ್ರು?" ಎಂದ ಕಂಡಕ್ಟರ್.

ಮುಂದಿನ ಸೀಟಿನ ಮುದುಕಿಯೊಬ್ಬಳು ಕೂಡಲೇ ತಲೆಯ ಮೇಲೆ ಸೆರಗೆಳೆದುಕೊಂಡಳು. "ನಂದೊಂದ ತಗಿಯಪಾ." ಅವಳ ಹಿಂದಿನವರು ತಲೆ ಬಾಚಿಕೊಳ್ಳತೊಡಗಿದರು. "ನನ್ನ ಹೆಂಡತಿ ಹೊಂಡದ ಹತ್ರ ನಿಂತಾಳ್ರಿ" ಎಂದೆ. ಬಾಚಣಿಗೆಗಳೆಲ್ಲ ಅರ್ಧಕ್ಕೇ ನಿಂತವು. "ಅಯ್ಯ! ಬಿಟ್ಟ ಬಂದಿಯೇನಪಾ? ಏನ್ ಜಗಳಾ ಆತು?" ಎಂದಳು ಮುದುಕಿ. ನಾನು ಲೆನ್ಸಿನ ಗುಣ ವಿವರಿಸಿದಷ್ಟೂ ನಮ್ಮ ಸಂಸಾರದ ಬಗ್ಗೆ ಅವರ ಚಿಂತೆ ಹೆಚ್ಚಾಯಿತು. ಕಂಡಕ್ಟರ್ ಜೋಳದ ಹೊಲವೊಂದರ ಬಳಿ ಬಸ್ಸು ನಿಲ್ಲಿಸಿ, "ಹೋಗಿ ತಪ್ಪಾತಂತ ಹೇಳ್ರಿ ಸರ, ಹೆಣಮಕ್ಕಳ ಮನಸ್ಸು ಭಾಳ ಮೆತ್ತಗ" ಎಂದು ಇಳಿಸಿದ. ಸುಮಿತ್ರಾಗೆ ತಿಳಿಸೋಣವೆಂದರೆ ನನ್ನ ಫೋನು ಅವಳ ಬ್ಯಾಗಿನಲ್ಲೇ ಇತ್ತು. ಅವಳು ಗಾಬರಿಯಾಗಿ ಅಳುತ್ತಿರಬಹುದೆಂದು ಬಿಸಿಲಿನಲ್ಲಿ ಅರ್ಧ ಓಡಿ, ಅರ್ಧ ನಡೆದು ಬಂದೆ.

ಅವಳು ಅದೇ ಕಟ್ಟೆಯ ಬಳಿ ಅದೇ ನಗೆ ಹಿಡಿದುಕೊಂಡು ನಿಂತಿದ್ದಳು.

"ಬಸ್ಸಿನ ಹಿಂದ ಮಾಯ ಆದ್ರಿ, ಇನ್ನೂ ಹಿಂದ ಸರದಿದ್ದೀರಿ ಅಂತ ತಿಳಕೊಂಡೆ. ಬಂತೇನ್ರಿ ದೀಪಸ್ತಂಭ?"

"ಬಂತು" ಎಂದೆ. ಬೇರೇನು ಹೇಳಲಿ?

"ತರ್ರಿ ಇಲ್ಲೆ, ನಿಮ್ದೊಂದು ತಗೀತೇನಿ" ಎಂದು ಕ್ಯಾಮೆರಾ ಕಸಿದುಕೊಂಡಳು. ತಾನು ಒಂದಿಂಚೂ ಕದಲದೆ, "ಹಿಂದ ಸರೀರಿ... ಇನ್ನೂ... ಇನ್ನೂ" ಎನ್ನುತ್ತ ನನ್ನನ್ನೇ ದಬ್ಬಿದಳು. ಫೋಟೋ ತೆಗೆಸಿಕೊಳ್ಳುವವರೂ ಸರಿಯಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ. ಹೊಂಡ, ಸ್ತಂಭ, ಆಕಾಶ ಎಲ್ಲ ಬಂದವು; ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ನಾನೂ ಬಂದೆ. "ಲೆನ್ಸ್ ಖರೆನ ಛಲೋ ಅದರಿ. ಇಷ್ಟ ದೂರದಿಂದ ನೀವು ಭಾಳ ಚಂದ ಕಾಣ್ತೀರಿ" ಎಂದಳು.

ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಮನೆಗೆ ಬಂದವರೆಲ್ಲ ಹೊಂಡವನ್ನು ಹೊಗಳುತ್ತಾರೆ. ನನ್ನನ್ನು ನಾನೇ ಬೆರಳಿಟ್ಟು ತೋರಿಸುತ್ತೇನೆ. ಅವರು ಆ ಜಾಗವನ್ನು ಒರೆಸಿ, ಇನ್ನೊಮ್ಮೆ ನೋಡುತ್ತಾರೆ.